ಮಹರ್ಷಿ ಟಾಲ್‌ಸ್ಟಾಯರ ಅಂತಿಮೇಚ್ಛೆ

ಹುಟ್ಟಿದವನಿಗೆ ಮರಣವು ನಿಶ್ಚಿತವೆಂಬುದನ್ನು ಅರಿಯದವರಿಲ್ಲ. ಆದರೆ ಅರಿತುದನ್ನು ಮನೆಯೊಳಗೆ ಮಡದಿಮಕ್ಕಳ ಮುಂದೆ ಬಾಯಿಬಿಟ್ಟು ಆಡುವವರು ಅತಿವಿರಳ. ಮಗಳ ವಿವಾಹ, ಮಗನ ವಿದ್ಯಾಭ್ಯಾಸ, ಮುಂದಿನ ಮುಂಗಾರಿನ ಬಿತ್ತನೆ, ಹೊಸ ಮನೆಯ ಅಡಿಗಲ್ಲು ಇವೆಲ್ಲವನ್ನೂ ವರುಷ ಮೊದಲೇ ಕುಳಿತು ಆಲೋಚಿಸುವ ಗೃಹಸ್ಥನು, ತಪ್ಪದೆ ಬರುವ ಆ ಒಂದು ದಿನದ ವಿಷಯವನ್ನು ಮಾತ್ರ ಎತ್ತಲಾರನು. ಎತ್ತಿದರೆ ಬಿಡ್ತು ಅನ್ನಿ ಎಂದು ಮಡದಿಯು ಮಾತು ತಡೆಯುವಳು. ಮಕ್ಕಳು ಮುಖ ತಿರುಗಿಸಿ ಎದ್ದುಹೋಗುವರು. ಆ ದಿನವು ಬಂದಾಗಲಾದರೋ ಸಮಾಧಿ ಎಲ್ಲಿ, ವೆಚ್ಚವೆಷ್ಟು, ಮುಂದೆ ನಿಲ್ಲತಕ್ಕವರು ಯಾರು, ಋಣವನ್ನು ತೀರಿಸತಕ್ಕವರು ಯಾರು ಎಂಬ ಪ್ರಶ್ನೆಗಳೆಲ್ಲವೂ ಶವದ ಮುಂದೆಯೇ ತಲೆಯೆತ್ತುವುವು. ಕಣ್ಣೀರು ಆರುವ ಮುನ್ನವೇ ಒಡಹುಟ್ಟಿದವರಲ್ಲಿ ಒಡಕು ಮೂಡುವುದು.

ಶಿವಶರಣರು ಈ ಅಂಜಿಕೆಯನ್ನು ಬುಡಸಹಿತ ಕಿತ್ತೊಗೆದವರು. ಅವರ ದೃಷ್ಟಿಯಲ್ಲಿ ಸಾವು ಅಮಂಗಳವಲ್ಲ, ಸೂತಕವಲ್ಲ; ಅಂಗವು ಲಿಂಗದಲ್ಲಿ ಬೆರೆಯುವ ಐಕ್ಯಸ್ಥಲ. ಕಾಯವು ಕಾಯಕಕ್ಕಾಗಿ ದೊರೆತ ಪ್ರಸಾದ. ಕೊಟ್ಟವನು ಕೇಳಿದಾಗ ಹಿಂದಿರುಗಿಸುವುದರಲ್ಲಿ ಲಜ್ಜೆಯೇನು, ಅಳಲೇನು? ಈ ತತ್ತ್ವವನ್ನು ಕೇಳಿ ತಲೆದೂಗುವುದು ಸುಲಭ. ಮನೆಯ ನಡುಮನೆಯಲ್ಲಿ ಕುಳಿತು ಅದರಂತೆ ನುಡಿಯುವುದು ಕಠಿಣ. ಎಷ್ಟು ಕಠಿಣವೆಂಬುದಕ್ಕೂ, ನುಡಿದರೆ ಏನು ಫಲ, ನುಡಿಯದಿದ್ದರೆ ಏನು ಕೇಡು ಎಂಬುದಕ್ಕೂ ದೂರದ ರಷ್ಯಾ ದೇಶದ ಮಹಾಪುರುಷರೊಬ್ಬರ ಜೀವನವು ಒಂದೇ ಕಡೆಯಲ್ಲಿ ನಿದರ್ಶನವನ್ನು ಒದಗಿಸುತ್ತದೆ. ಆ ಮಹಾಪುರುಷರೇ ಲಿಯೊ ಟಾಲ್‌ಸ್ಟಾಯರು. ತಮ್ಮ ಒಂದು ಇಚ್ಛೆಯನ್ನು ಅವರು ಮನೆಯವರಿಗೆ ತಿಳಿಯಗೊಟ್ಟರು. ಅದು ಶಾಂತವಾಗಿ ನೆರವೇರಿತು. ಇನ್ನೊಂದು ಇಚ್ಛೆಯನ್ನು ಮರೆಮಾಚಿದರು. ಅದು ನಾಲ್ವತ್ತೆಂಟು ವರ್ಷಗಳ ಸಂಸಾರವನ್ನೇ ಒಡೆಯಿತು.

ಟಾಲ್‌ಸ್ಟಾಯರು 1828ನೆಯ ಇಸವಿ ಆಗಸ್ಟ್ 28ರಂದು, ಮಾಸ್ಕೋ ನಗರದ ದಕ್ಷಿಣಕ್ಕಿರುವ ತುಲಾ ಪ್ರಾಂತದ ಯಾಸ್ನಾಯಾ ಪೊಲ್ಯಾನಾ ಎಂಬ ತಮ್ಮ ವಂಶದ ಜಹಗೀರಿನಲ್ಲಿ ಜನಿಸಿದರು. ಇದು ಅಂದಿನ ರಷ್ಯಾದ ಹಳೆಯ ಪಂಚಾಂಗದ ತಾರೀಖು. ಇಂದಿನ ಲೆಕ್ಕಕ್ಕೆ ಸೆಪ್ಟೆಂಬರ್ 9. ಐವರು ಮಕ್ಕಳಲ್ಲಿ ಅವರು ನಾಲ್ಕನೆಯವರು. ಎರಡು ವರುಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಒಂಬತ್ತನೆಯ ವರುಷದಲ್ಲಿ ತಂದೆಯು ಅಕಸ್ಮಾತ್ತಾಗಿ ಮಡಿದನು. ಬಂಧುಗಳಾದ ಸ್ತ್ರೀಯರು ಆ ಅನಾಥ ಮಕ್ಕಳನ್ನು ಸಾಕಿದರು. ಹೀಗೆ ಮರಣವು ಆ ಮನೆಯ ಹೊಸ್ತಿಲನ್ನು ಬಲು ಬೇಗನೆ ತುಳಿಯಿತು.

ಆ ಬಾಲ್ಯದ ಒಂದು ಆಟವು ಅವರ ಅಂತ್ಯಕಾಲದವರೆಗೂ ಜೊತೆಗೆ ಬಂದಿತು. ಹಿರಿಯಣ್ಣನಾದ ನಿಕೊಲಾಯನು ಒಂದು ದಿನ ತಮ್ಮಂದಿರನ್ನು ಕರೆದು, ಲೋಕದ ಮನುಷ್ಯರೆಲ್ಲರೂ ಸುಖಿಗಳಾಗುವ, ರೋಗವೂ ಕೋಪವೂ ಇಲ್ಲದಾಗುವ, ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುವ ರಹಸ್ಯವೊಂದು ತನಗೆ ತಿಳಿದಿರುವುದೆಂದೂ, ಅದನ್ನು ಒಂದು ಹಸುರು ಕೋಲಿನ ಮೇಲೆ ಬರೆದು ಹಳೆಯ ಕಾಡಿನ ಕಂದರದ ಅಂಚಿನಲ್ಲಿ, ದಾರಿಯ ಬದಿಗೆ ಹೂಳಿರುವುದೆಂದೂ ಹೇಳಿದನು. ಮಕ್ಕಳು ಕುರ್ಚಿಗಳ ಕೆಳಗೆ ಬಟ್ಟೆ ಹೊದಿಸಿಕೊಂಡು, ಕತ್ತಲಲ್ಲಿ ಒಬ್ಬರಿಗೊಬ್ಬರು ಒತ್ತಿ ಕುಳಿತು, ತಾವೆಲ್ಲ ಇರುವೆಗಳಂತೆ ಒಂದಾದ ಸಹೋದರರೆಂದು ಭಾವಿಸುತ್ತಿದ್ದರು. ಆಗ ಪುಟ್ಟ ಲಿಯೊನಿಗೆ ಐದು ವರುಷ. ಕೋಲು ದೊರೆಯಲಿಲ್ಲ, ದೊರೆಯುವುದೆಂಬ ನಂಬಿಕೆ ಮಾತ್ರ ಅಳಿಯಲಿಲ್ಲ. ಆ ಅಣ್ಣನು 1860ರಲ್ಲಿ ಫ್ರಾನ್ಸ್ ದೇಶದಲ್ಲಿ ಕ್ಷಯರೋಗದಿಂದ ತಮ್ಮನ ಕಣ್ಣೆದುರಿಗೇ ಪ್ರಾಣಬಿಟ್ಟನು.

ಯೌವನವು ಸೈನ್ಯದಲ್ಲಿಯೂ, ಜೂಜಿನಲ್ಲಿಯೂ, ಭೋಗದಲ್ಲಿಯೂ ಕಳೆಯಿತು. ಕಾಕಸಸ್ ಪರ್ವತಪ್ರಾಂತದಲ್ಲಿಯೂ ಸೆವಾಸ್ತೊಪೊಲ್ ಕೋಟೆಯಲ್ಲಿಯೂ ಯುದ್ಧವನ್ನು ಕಂಡು, ಕಂಡುದನ್ನು ಬರೆದು ಅವರು ಪ್ರಸಿದ್ಧರಾದರು. 1862ರಲ್ಲಿ, ಮುವ್ವತ್ತನಾಲ್ಕನೆಯ ವಯಸ್ಸಿನಲ್ಲಿ, ಹದಿನೆಂಟು ವರುಷದ ಸೋಫಿಯಾ ಎಂಬ ಕನ್ಯೆಯನ್ನು ವರಿಸಿದರು. ಮದುವೆಗೆ ಮುಂಚೆ ತಮ್ಮ ದಿನಚರಿಯ ಪುಸ್ತಕಗಳನ್ನು ಅವಳ ಕೈಗಿತ್ತು, ತಮ್ಮ ಹಿಂದಿನ ದೋಷಗಳೆಲ್ಲವನ್ನೂ ಓದಿಕೊಳ್ಳುವಂತೆ ಮಾಡಿದರು. ಓದಿದ ಹುಡುಗಿಯ ಎದೆ ಬಿರಿಯಿತು. ಆದರೂ ಅವಳು ಒಪ್ಪಿದಳು. ಗಂಡಹೆಂಡಿರ ನಡುವೆ ಮುಚ್ಚುಮರೆ ಇರಬಾರದೆಂಬ ಸಂಕಲ್ಪದಿಂದ ಆ ಸಂಸಾರವು ಆರಂಭವಾಯಿತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಸೋಫಿಯಾ ಸಾಧಾರಣ ಗೃಹಿಣಿಯಲ್ಲ. ಹದಿಮೂರು ಮಕ್ಕಳನ್ನು ಹೆತ್ತು, ಐವರನ್ನು ಚಿಕ್ಕಂದಿನಲ್ಲಿಯೇ ಮಣ್ಣಿಗೊಪ್ಪಿಸಿ, ಉಳಿದವರನ್ನು ಬೆಳೆಸಿದಳು. ಹಗಲೆಲ್ಲ ಮನೆವಾರ್ತೆಯನ್ನು ನೋಡಿ, ರಾತ್ರಿ ದೀಪದ ಮುಂದೆ ಕುಳಿತು ಪತಿಯ ಗೀಚುಬರಹವನ್ನು ಅಂದವಾಗಿ ನಕಲು ತೆಗೆಯುವಳು. ಯುದ್ಧ ಮತ್ತು ಶಾಂತಿ ಎಂಬ ಮಹಾಗ್ರಂಥದ ಭಾಗಗಳನ್ನು ಹೀಗೆ ಹಲವು ಸಲ ಬರೆದವಳು ಆಕೆಯೇ. ಆ ಗ್ರಂಥವೂ ಅನ್ನಾ ಕರೆನಿನಾ ಎಂಬ ಕಾದಂಬರಿಯೂ ಟಾಲ್‌ಸ್ಟಾಯರ ಕೀರ್ತಿಯನ್ನು ಜಗತ್ತಿನಲ್ಲೆಲ್ಲ ಹರಡಿದುವು.

ಇಷ್ಟು ಸಂಪತ್ತು, ಇಷ್ಟು ಕೀರ್ತಿ, ತುಂಬಿದ ಮನೆ ಇದ್ದಾಗಲೇ ಮೃತ್ಯುಭಯವು ಅವರನ್ನು ಹಿಡಿಯಿತು. 1869ರಲ್ಲಿ ಹೊಸ ಜಮೀನೊಂದನ್ನು ಕೊಳ್ಳುವುದಕ್ಕಾಗಿ ಪ್ರಯಾಣಮಾಡುತ್ತ ಅರ್ಜಮಾಸ್ ಎಂಬ ಊರಿನ ಛತ್ರದಲ್ಲಿ ತಂಗಿದ್ದರು. ನಡುರಾತ್ರಿಯಲ್ಲಿ ಎಚ್ಚರವಾಗಿ, ತಾನು ಸಾಯುವವನೆಂಬ ಅರಿವು ಭೂತದಂತೆ ಎದುರಿಗೆ ನಿಂತಿತು. ಸಾಯುವವನಿಗೆ ಜಮೀನೇಕೆ ಎಂಬ ಪ್ರಶ್ನೆಗೆ ಉತ್ತರವು ಹೊಳೆಯಲಿಲ್ಲ. ಹತ್ತು ವರುಷಗಳಲ್ಲಿ ಆ ಪ್ರಶ್ನೆ ಬೆಳೆದು ಬೆಳೆದು, ಹಗ್ಗವನ್ನು ಕಂಡರೆ ಬಚ್ಚಿಡುವ, ಬಂದೂಕನ್ನು ಹಿಡಿದು ಬೇಟೆಗೆ ಹೋಗಲು ಅಂಜುವ ಸ್ಥಿತಿಗೆ ಅವರನ್ನು ತಂದಿತು. ಈ ತೊಳಲಾಟವನ್ನು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ವಿವರಿಸುವಾಗ ಅವರು ಪೂರ್ವದೇಶದ ದೃಷ್ಟಾಂತವೊಂದನ್ನು ಎತ್ತಿಕೊಂಡರು: ಕ್ರೂರಮೃಗಕ್ಕೆ ಹೆದರಿ ಪಾಳುಬಾವಿಗೆ ಇಳಿದವನು ಗಿಡದ ಕೊಂಬೆಯನ್ನು ಹಿಡಿದು ಜೋತಾಡುತ್ತಾನೆ, ಕೆಳಗೆ ಮಹಾಸರ್ಪವು ಬಾಯ್ದೆರೆದಿದೆ, ಬಿಳಿಯದೊಂದು ಕರಿಯದೊಂದು ಇಲಿಗಳು ಕೊಂಬೆಯನ್ನು ಕಡಿಯುತ್ತಿವೆ, ಆದರೂ ಅವನು ಎಲೆಯ ಮೇಲಿನ ಜೇನುಹನಿಯನ್ನು ನೆಕ್ಕುತ್ತಿದ್ದಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ ಸಂಸಾರಕೂಪದ ಕಥೆಯು ಇದರ ಮೂಲರೂಪವೆಂಬುದನ್ನು ಬಲ್ಲವರು ಬಲ್ಲರು. ಭರತಖಂಡದ ಒಂದು ಕಥೆಯು ಎಷ್ಟೋ ಭಾಷೆಗಳನ್ನು ದಾಟಿ ಹೋಗಿ ರಷ್ಯಾದ ಜ್ಞಾನಾರ್ಥಿಯೊಬ್ಬನ ಅಂತರಂಗವನ್ನು ತಟ್ಟಿತು.

ಈ ಮಥನದಿಂದ ಹೊಸ ಮನುಷ್ಯನೊಬ್ಬನು ಹೊರಬಂದನು. ಟಾಲ್‌ಸ್ಟಾಯರು ಮದ್ಯಮಾಂಸಗಳನ್ನು ತೊರೆದರು. ರೈತರ ಉಡುಪನ್ನು ಧರಿಸಿ ನೇಗಿಲು ಹಿಡಿದರು. ಪಾದರಕ್ಷೆ ಹೊಲಿಯುವುದನ್ನು ಕಲಿತರು. ಕೈಯಾರೆ ದುಡಿಯದೆ ಉಣ್ಣುವುದು ಪಾಪವೆಂದು ಸಾರಿದರು. 1891ರಿಂದ 1893ರವರೆಗೆ ಕ್ಷಾಮವು ಬಡಿದಾಗ ಹಳ್ಳಿಹಳ್ಳಿಗೆ ಹೋಗಿ ನೂರಾರು ಅನ್ನಛತ್ರಗಳನ್ನು ತೆರೆದು ಹಸಿದವರಿಗೆ ಉಣಬಡಿಸಿದರು. ಕಾಯಕವನ್ನೂ ದಾಸೋಹವನ್ನೂ ಬಲ್ಲ ಶರಣಸಂತತಿಗೆ ಈ ನಡೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಅವರ ಲೇಖನಗಳನ್ನು ಓದಿ ಪ್ರಭಾವಿತರಾದ ಗಾಂಧೀಜಿಯವರು 1909–10ರಲ್ಲಿ ಅವರೊಡನೆ ಪತ್ರವ್ಯವಹಾರ ನಡೆಸಿ, 1910ರಲ್ಲಿ ದಕ್ಷಿಣ ಆಫ್ರಿಕದ ತಮ್ಮ ಆಶ್ರಮಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಿಟ್ಟರು.

1886ರಲ್ಲಿ ಪ್ರಕಟವಾದ ಇವಾನ್ ಇಲಿಚನ ಮರಣವೆಂಬ ಕಥೆಯಲ್ಲಿ ಟಾಲ್‌ಸ್ಟಾಯರು ಸಾವಿನ ಮನೆಯ ಸುಳ್ಳನ್ನು ಬಯಲಿಗಿಟ್ಟರು. ನ್ಯಾಯಾಧೀಶನೊಬ್ಬನು ಅಸಾಧ್ಯರೋಗದಿಂದ ಮಲಗಿದ್ದಾನೆ. ಅವನು ಸಾಯುವನೆಂಬುದು ವೈದ್ಯರಿಗೂ ಹೆಂಡತಿಗೂ ಗೊತ್ತು, ಅವನಿಗೂ ಗೊತ್ತು. ಆದರೆ ಎಲ್ಲರೂ ಗುಣವಾಗುವುದೆಂದೇ ನಟಿಸುತ್ತಾರೆ. ಹೊಟ್ಟೆಯ ನೋವಿಗಿಂತಲೂ ಈ ನಟನೆಯೇ ಅವನನ್ನು ಹೆಚ್ಚಾಗಿ ಸುಡುತ್ತದೆ. ಗೆರಾಸಿಮ್ ಎಂಬ ಹಳ್ಳಿಯ ಆಳೊಬ್ಬನು ಮಾತ್ರ ಸಾವು ಎಲ್ಲರಿಗೂ ಬರತಕ್ಕುದೆಂದು ಸರಳವಾಗಿ ಒಪ್ಪಿ, ಹೇಸದೆ, ಬೇಸರಪಡದೆ ರೋಗಿಯ ಸೇವೆ ಮಾಡುತ್ತಾನೆ. ಸಾಯುವವನಿಗೆ ಸಮಾಧಾನವು ಆ ಸೇವಕನ ಸನ್ನಿಧಿಯಲ್ಲಲ್ಲದೆ ಮತ್ತೆಲ್ಲಿಯೂ ದೊರೆಯುವುದಿಲ್ಲ. ಸಾವಿನ ಮಾತನ್ನು ಮನೆಯಲ್ಲಿ ಆಡಗೊಡದಿರುವುದು ಪ್ರೀತಿಯಂತೆ ತೋರಿದರೂ, ಸಾಯುವವನನ್ನು ಒಂಟಿಯನ್ನಾಗಿಸುವ ಕ್ರೌರ್ಯವೆಂಬುದು ಈ ಕಥೆಯ ತಿರುಳು.

1895ನೆಯ ಇಸವಿ ಫೆಬ್ರುವರಿ ತಿಂಗಳಲ್ಲಿ ಎರಡು ಮರಣಗಳು ಅವರನ್ನು ಕಲಕಿದುವು. ಗ್ರಂಥಕರ್ತನಾದ ಲೆಸ್ಕೋವನು ತೀರಿಕೊಂಡು, ತನ್ನ ಅಂತ್ಯಕ್ರಿಯೆಯು ಆಡಂಬರವಿಲ್ಲದೆ ನಡೆಯಬೇಕೆಂದು ಬರೆದಿಟ್ಟಿದ್ದುದು ಬೆಳಕಿಗೆ ಬಂದಿತು. ಅದೇ ತಿಂಗಳ 23ರಂದು ಟಾಲ್‌ಸ್ಟಾಯರ ಕಿರಿಯ ಮಗನು, ಇನ್ನೂ ಏಳು ತುಂಬದ ವಾನ್ಯಾ, ಜ್ವರದಿಂದ ಕಣ್ಮುಚ್ಚಿದನು. ತಂದೆತಾಯಿಗಳಿಬ್ಬರ ಪ್ರಾಣವೂ ಆ ಮಗುವಿನಲ್ಲಿದ್ದಿತು. ತಾಯಿಯ ದುಃಖವು ಎಂದಿಗೂ ಪೂರ್ತಿಯಾಗಿ ಮಾಯಲಿಲ್ಲ. ತಂದೆಯಾದರೋ ಒಂದು ತಿಂಗಳ ಮೇಲೆ, ಮಾರ್ಚ್ 27ರಂದು, ಲೆಸ್ಕೋವನ ಮಾದರಿಯನ್ನು ನೆನೆದು ತಮ್ಮ ಅಂತಿಮೇಚ್ಛೆಯನ್ನು ದಿನಚರಿಯಲ್ಲಿ ಬರೆದರು.

ಅದರ ಸಾರಾಂಶವಿದು. ತಾವು ಸತ್ತ ಸ್ಥಳದಲ್ಲಿಯೇ, ಅದು ನಗರವಾದರೆ ಅತ್ಯಂತ ಅಗ್ಗದ ಸ್ಮಶಾನದಲ್ಲಿ, ಭಿಕ್ಷುಕರನ್ನು ಹೂಳುವಂತಹ ಅಗ್ಗದ ಪೆಟ್ಟಿಗೆಯಲ್ಲಿ ಹೂಳಬೇಕು. ಹೂವು ಬೇಡ, ಹಾರ ಬೇಡ, ಭಾಷಣ ಬೇಡ. ಸಾಧ್ಯವಾದರೆ ಪಾದ್ರಿಯೂ ಪ್ರಾರ್ಥನಾವಿಧಿಯೂ ಬೇಡ. ಆದರೆ ಹೂಳುವವರ ಮನಸ್ಸಿಗೆ ಇದು ಒಗ್ಗದಿದ್ದರೆ, ರೂಢಿಯಂತೆ ವಿಧಿಪೂರ್ವಕವಾಗಿಯೇ ಮಾಡಲಿ. ವೆಚ್ಚವು ಮಾತ್ರ ಆದಷ್ಟು ಕಡಿಮೆಯಾಗಿರಲಿ, ಸರಳವಾಗಿರಲಿ. ವೃತ್ತಪತ್ರಿಕೆಗಳಲ್ಲಿ ಮರಣವಾರ್ತೆಯಾಗಲಿ ಪ್ರಶಂಸೆಯಾಗಲಿ ಬರಕೂಡದು. ತಮ್ಮ ಕಾಗದಪತ್ರಗಳನ್ನು ಪತ್ನಿಯೂ ಆಪ್ತಮಿತ್ರರೂ ಕೂಡಿ ಪರಿಶೀಲಿಸಲಿ. ತಮ್ಮ ಗ್ರಂಥಗಳ ಹಕ್ಕನ್ನು ಉತ್ತರಾಧಿಕಾರಿಗಳು ಸಮಾಜಕ್ಕೆ ಬಿಟ್ಟುಕೊಟ್ಟರೆ ಒಳಿತು. ಆದರೆ ಇದು ಆಜ್ಞೆಯಲ್ಲ, ಬೇಡಿಕೆ ಮಾತ್ರ. ಕೊಡುವುದೂ ಬಿಡುವುದೂ ಅವರ ಇಚ್ಛೆ.

ಈ ಬರಹದಲ್ಲಿ ಗೃಹಸ್ಥರು ಗಮನಿಸಬೇಕಾದ ಅಂಶವೊಂದಿದೆ. ತಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳಿದ ಮೇಲೆಯೂ ಟಾಲ್‌ಸ್ಟಾಯರು ಉಳಿಯುವವರ ಮನಸ್ಸಿಗೆ ಎಡೆಯನ್ನು ಬಿಟ್ಟರು. ಶವಕ್ಕೆ ನೋವಿಲ್ಲ, ನೋವಿರುವುದು ಅದನ್ನು ಹೊರುವವರಿಗೆ. ಪತ್ನಿಯು ಇಗರ್ಜಿಯ ಆಚಾರದಲ್ಲಿ ಶ್ರದ್ಧೆಯುಳ್ಳವಳು. ಅವಳ ಶ್ರದ್ಧೆಯನ್ನು ತಮ್ಮ ಹೆಣದ ಮೇಲಿಂದ ತುಳಿಯಿಸುವ ಹಟವು ಆ ಬರಹದಲ್ಲಿಲ್ಲ.

1901ರಲ್ಲಿ ರಷ್ಯಾದ ಧರ್ಮಪೀಠವು ಅವರನ್ನು ಇಗರ್ಜಿಯಿಂದ ಬಹಿಷ್ಕರಿಸಿತು. ಆದರೂ ಅವರು ತಮ್ಮ ಅರಿವಿನ ದಾರಿಯನ್ನು ಬಿಡಲಿಲ್ಲ. ವೃದ್ಧಾಪ್ಯದಲ್ಲಿ ಬಾಲ್ಯಸ್ಮರಣೆಗಳನ್ನು ಬರೆಯಲು ತೊಡಗಿದಾಗ ಹಸುರು ಕೋಲಿನ ನೆನಪು ಮರುಕಳಿಸಿತು. ಸತ್ತಲ್ಲಿಯೇ ಹೂಳಬೇಕೆಂಬ ಮೊದಲಿನ ಇಚ್ಛೆಯು ಮಾರ್ಪಟ್ಟು, ಅಣ್ಣನು ಕೋಲನ್ನು ಹೂಳಿದೆನೆಂದು ಹೇಳಿದ ಆ ಕಂದರದ ಅಂಚಿನಲ್ಲಿಯೇ ತಮ್ಮನ್ನೂ ಹೂಳಲೆಂಬ ಅಭಿಲಾಷೆ ಹುಟ್ಟಿತು. 1908ರಲ್ಲಿ, ಎಂಬತ್ತು ವರುಷ ತುಂಬುವ ಸಮಯದಲ್ಲಿ ಕಾಯಿಲೆ ಬಿದ್ದಾಗ, ತಮ್ಮ ಕಾರ್ಯದರ್ಶಿ ಗೂಸೆವನಿಂದ ಇದನ್ನು ಬರೆಯಿಸಿದರು: ಮರದ ಪೆಟ್ಟಿಗೆ ಸಾಕು, ಮನಸ್ಸುಳ್ಳವರು ಹೊತ್ತಾಗಲಿ ಬಂಡಿಯಲ್ಲಾಗಲಿ ಅಲ್ಲಿಗೆ ಒಯ್ಯಲಿ, ವಿಧಿಗಳು ಬೇಡ. ತಂದೆತಾಯಿಗಳೂ, ತೀರಿಕೊಂಡ ಪ್ರಿಯಪುತ್ರಿ ಮಾಶಾಳೂ ಮಲಗಿದ್ದ ಕೊಚಾಕಿ ಎಂಬಲ್ಲಿನ ಇಗರ್ಜಿಯ ಸ್ಮಶಾನವನ್ನು ಬಿಟ್ಟು ಅವರು ಈ ಕಾಡನ್ನು ಆರಿಸಿಕೊಂಡರು. ಮನೆಯವರಿಗೂ ಮಿತ್ರರಿಗೂ ಈ ಇಚ್ಛೆ ತಿಳಿದಿದ್ದಿತು. ಇದರ ಸಲುವಾಗಿ ಮುಂದೆ ಜಗಳವಾಗಲಿಲ್ಲ.

ಜಗಳವೆದ್ದುದು ಗ್ರಂಥಗಳ ಹಕ್ಕಿಗಾಗಿ. 1881ರ ಮೇಲೆ ಬರೆದುದನ್ನು ಯಾರು ಬೇಕಾದರೂ ಮುದ್ರಿಸಬಹುದೆಂದು ಟಾಲ್‌ಸ್ಟಾಯರು 1891ರಲ್ಲಿಯೇ ಸಾರಿದ್ದರು. ಮರುವರುಷ ಸ್ಥಿರಾಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿಕೊಟ್ಟರು. ಹಿಂದಿನ ಗ್ರಂಥಗಳನ್ನು ಸೋಫಿಯಾ ತಾನೇ ಪ್ರಕಟಿಸಿ ಆ ಉತ್ಪತ್ತಿಯಿಂದ ಸಂಸಾರವನ್ನು ತೂಗಿಸುತ್ತಿದ್ದಳು. ಸರ್ವವನ್ನೂ ಜನತೆಗೆ ಬಿಡಬೇಕೆಂಬುದು ಗಂಡನ ಧರ್ಮ. ಮಕ್ಕಳು ಮೊಮ್ಮಕ್ಕಳು ಬೀದಿಗೆ ಬೀಳಬಾರದೆಂಬುದು ಹೆಂಡತಿಯ ಧರ್ಮ. ಎರಡರಲ್ಲಿಯೂ ಸತ್ಯವಿದ್ದಿತು. ಇಬ್ಬರೂ ಎದುರುಬದುರು ಕುಳಿತು ಕಡೆಯವರೆಗೆ ಮಾತಾಡುವುದೊಂದು ಮಾತ್ರ ಇಲ್ಲದಾಯಿತು. ನಡುವೆ ಶಿಷ್ಯಾಗ್ರಣಿಯಾದ ಚೆರ್ಟ್‌ಕೋವನು ನಿಂತನು. ಗುರುವಿನ ಬರಹವೆಲ್ಲವೂ ಲೋಕಕ್ಕೆ ಸೇರಬೇಕೆಂಬ ಅವನ ಉತ್ಸಾಹವು ದೊಡ್ಡದು. ಒಂದು ಮನೆಯ ಶಾಂತಿಯ ಬೆಲೆಯನ್ನು ಅವನು ಅಷ್ಟಾಗಿ ಎಣಿಸಲಿಲ್ಲ.

1910ನೆಯ ಇಸವಿ ಜುಲೈ 22ರಂದು, ಮನೆಯಿಂದ ದೂರದ ಕಾಡಿನಲ್ಲಿ ಮರದ ಬೊಡ್ಡೆಯ ಮೇಲೆ ಕುಳಿತು, ಎಂಬತ್ತೊಂದು ವರುಷದ ವೃದ್ಧರು ಮೃತ್ಯುಪತ್ರವನ್ನು ತಮ್ಮ ಕೈಯಾರೆ ಬರೆದರು. ಸಾಕ್ಷಿಗಳು ಸಹಿ ಹಾಕಿದರು. ಗ್ರಂಥಗಳ ಹಕ್ಕೆಲ್ಲವೂ ಕಾನೂನಿನ ಮಟ್ಟಿಗೆ ಕಿರಿಯ ಮಗಳಾದ ಅಲೆಕ್ಸಾಂಡ್ರಾಳ ಹೆಸರಿಗೆ. ಅವಳ ಮೂಲಕ ಜನತೆಗೆ. ಸೋಫಿಯಾಳಿಗೆ ಏನನ್ನೂ ತಿಳಿಸಲಿಲ್ಲ. ಮದುವೆಗೆ ಮೊದಲೇ ದಿನಚರಿಯನ್ನು ಬಿಚ್ಚಿಟ್ಟು ಸಂಸಾರವನ್ನಾರಂಭಿಸಿದ ಗಂಡನು, ಅದೇ ಹೆಂಡತಿಯ ಕಣ್ಣಿಗೆ ಬೀಳದಂತೆ ಕಾಡಿನೊಳಗೆ ಕುಳಿತು ಬರೆದ ದೃಶ್ಯವು ಯಾರ ಮನಸ್ಸನ್ನಾದರೂ ಕರಗಿಸುವಂತಹುದು.

ಸತ್ಯವ್ರತಿಗಳಾದ ಅವರ ಅಂತಃಕರಣವು ಸುಮ್ಮನಿರಲಿಲ್ಲ. ಹಳೆಯ ಮಿತ್ರನೂ ಚರಿತ್ರಕಾರನೂ ಆದ ಬಿರ್ಯುಕೋವನು ಬಂದು, ಈ ಗುಟ್ಟು ಸರಿಯಲ್ಲವೆಂದು ತಿಳಿಯಹೇಳಿದನು. ಆಗಸ್ಟ್ 2ರ ದಿನಚರಿಯಲ್ಲಿ ಟಾಲ್‌ಸ್ಟಾಯರು ತಮ್ಮ ತಪ್ಪನ್ನು ಒಪ್ಪಿಕೊಂಡು ಬರೆದರು. ಉತ್ತರಾಧಿಕಾರಿಗಳೆಲ್ಲರನ್ನೂ ಒಂದೆಡೆ ಸೇರಿಸಿ ತಮ್ಮ ಸಂಕಲ್ಪವನ್ನು ಬಹಿರಂಗವಾಗಿ ಸಾರಬೇಕಾಗಿತ್ತು, ಗುಟ್ಟಾಗಿ ಮಾಡಬಾರದಾಗಿತ್ತು ಎಂಬುದೇ ಆ ಒಪ್ಪಿಗೆಯ ತಾತ್ಪರ್ಯ. ಚೆರ್ಟ್‌ಕೋವನಿಗೂ ಇದನ್ನೇ ಬರೆದರು. ಅವನು ದೀರ್ಘವಾದ ಉತ್ತರದಿಂದ ಅವರ ಮನಸ್ಸನ್ನು ಮತ್ತೆ ತಿರುಗಿಸಿದನು. ಮಕ್ಕಳನ್ನು ಸೇರಿಸುವ ದಿನವು ಬರಲೇ ಇಲ್ಲ.

ಗುಟ್ಟು ಇರುವ ಮನೆಯಲ್ಲಿ ಗೋಡೆಗಳಿಗೂ ಅನುಮಾನ ಹುಟ್ಟುವುದು. ಏನೋ ನಡೆದಿದೆಯೆಂಬ ವಾಸನೆ ಸೋಫಿಯಾಳಿಗೆ ಹತ್ತಿತು. ಅವಳು ಕಾಗದಗಳನ್ನು ಹುಡುಕುವಳು, ಅಳುವಳು, ಪ್ರಾಣ ಕಳೆದುಕೊಳ್ಳುವೆನೆನ್ನುವಳು. ಅಕ್ಟೋಬರ್ 27ರ ರಾತ್ರಿ ತಮ್ಮ ಓದುವ ಕೋಣೆಯಲ್ಲಿ ಅವಳು ಕಾಗದಗಳನ್ನು ತಡಕಾಡುವ ಸದ್ದು ಟಾಲ್‌ಸ್ಟಾಯರ ಕಿವಿಗೆ ಬಿದ್ದಿತು. ಅವರು ಎದ್ದು, ನಾಲ್ವತ್ತೆಂಟು ವರುಷಗಳ ಬಾಳಿಗಾಗಿ ಕೃತಜ್ಞತೆಯನ್ನರ್ಪಿಸಿ, ತಪ್ಪಿದ್ದರೆ ಕ್ಷಮಿಸಬೇಕೆಂದು ಪತ್ನಿಗೆ ಪತ್ರ ಬರೆದಿಟ್ಟು, ವೈದ್ಯ ಮಕೊವಿತ್‌ಸ್ಕಿಯೊಡನೆ ನಸುಕಿನ ಕತ್ತಲಲ್ಲಿ ಮನೆಬಿಟ್ಟು ಹೊರಟರು. ಪತ್ರವನ್ನು ಓದಿದ ಸೋಫಿಯಾ ಕೊಳಕ್ಕೆ ಹಾರಿದಳು. ಜೊತೆಗಿದ್ದವರು ಎಳೆದು ಉಳಿಸಿದರು.

ವೃದ್ಧ ಯಾತ್ರಿಕರು ಆಪ್ತಿನ ಎಂಬ ಮಠಕ್ಕೂ, ಅಲ್ಲಿಂದ ಸನ್ಯಾಸಿನಿಯಾಗಿದ್ದ ತಂಗಿಯ ಬಳಿಗೂ ಹೋಗಿ, ಮತ್ತೆ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ಶ್ವಾಸಕೋಶದ ಜ್ವರವೇರಿತು. 31ರಂದು ಅಸ್ತಾಪೊವೊ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿಸಬೇಕಾಯಿತು. ಸ್ಟೇಷನ್ ಮಾಸ್ತರನು ತನ್ನ ಮನೆಯನ್ನೇ ಬಿಟ್ಟುಕೊಟ್ಟನು. ಸೋಫಿಯಾ ಬೇರೊಂದು ರೈಲಿನಲ್ಲಿ ಓಡೋಡಿ ಬಂದಳು. ಆದರೆ ಅವಳನ್ನು ಕಂಡರೆ ರೋಗಿಯ ಹೃದಯವು ತಡೆಯದೆಂದು ಸುತ್ತಲಿದ್ದವರು ಒಳಕ್ಕೆ ಬಿಡಲಿಲ್ಲ. ಗಂಡನ ಪ್ರಾಣ ಹೋಗುತ್ತಿರುವಾಗ ಹೆಂಡತಿಯು ಹೊರಗೆ ಕಿಟಕಿಯ ಬಳಿ ನಿಂತು ಇಣಿಕಿ ನೋಡಬೇಕಾಯಿತು. ಪ್ರಜ್ಞೆಯು ತಪ್ಪಿದ ಮೇಲೆಯೇ ಅವಳಿಗೆ ಅನುಮತಿ ದೊರೆಯಿತು. ಮಂಚದ ಬಳಿ ಮೊಳಕಾಲೂರಿ ಅವಳು ಕ್ಷಮೆ ಬೇಡಿದಳು. ಕೇಳುವ ಕಿವಿಗಳು ಆಗಲೇ ಮುಚ್ಚಿದ್ದುವು. 1910ನೆಯ ಇಸವಿ ನವೆಂಬರ್ 7ರ ಬೆಳಿಗ್ಗೆ, ಇಂದಿನ ಪಂಚಾಂಗದಂತೆ 20ರಂದು, ಟಾಲ್‌ಸ್ಟಾಯರು ದೇಹವನ್ನು ಬಿಟ್ಟರು.

ಎರಡು ದಿನಗಳ ಮೇಲೆ ಅವರ ದೇಹವು ರೈಲಿನಲ್ಲಿ ಊರಿಗೆ ಬಂದಿತು. ನಿಲ್ದಾಣದಿಂದ ಮನೆಯವರೆಗೆ ಮಕ್ಕಳೂ ರೈತರೂ ಸಾದಾ ಪೆಟ್ಟಿಗೆಯನ್ನು ಹೆಗಲಮೇಲೆ ಹೊತ್ತು ನಡೆದರು. ಸಾವಿರಾರು ಜನರು ಹಾಡುತ್ತ ಹಿಂಬಾಲಿಸಿದರು. ಅವರ ಉಪಕಾರದ ನೆನಪು ಅನಾಥರಾದ ತಮ್ಮಲ್ಲಿ ಅಳಿಯದೆಂಬ ಅರ್ಥದ ಬರಹವನ್ನು ಹಳ್ಳಿಯ ರೈತರು ಬಟ್ಟೆಯ ಮೇಲೆ ಬರೆದು ಮುಂದೆ ಹಿಡಿದಿದ್ದರು. ಪಾದ್ರಿಯಿಲ್ಲ, ಮಂತ್ರವಿಲ್ಲ. ಹಳೆಯ ಕಾಡಿನಲ್ಲಿ, ಕಂದರದ ಅಂಚಿನಲ್ಲಿ, ಹಸುರು ಕೋಲು ಅಡಗಿದೆಯೆಂದು ಐದು ವರುಷದ ಬಾಲಕನು ನಂಬಿದ್ದ ಅದೇ ನೆಲದಲ್ಲಿ ದೇಹವನ್ನು ಇಳಿಸುವಾಗ ನೆರೆದವರೆಲ್ಲರೂ ಮೊಳಕಾಲೂರಿದರು. ಅಲ್ಲಿ ಇಂದಿಗೂ ಶಿಲೆಯಿಲ್ಲ, ಶಿಲುಬೆಯಿಲ್ಲ, ಹೆಸರೂ ಇಲ್ಲ. ಹುಲ್ಲು ಹೊದೆದ ನೀಳವಾದ ಮಣ್ಣಿನ ದಿಬ್ಬವೊಂದೇ ಇದೆ.

ಆ ಮೇಲೆ ಪುಸ್ತಕಗಳ ಉತ್ಪತ್ತಿಯಿಂದ ಅಲೆಕ್ಸಾಂಡ್ರಾ 1913ರಲ್ಲಿ ಮನೆತನದ ಜಮೀನನ್ನು ಕೊಂಡು, ತಂದೆಯ ಇಷ್ಟದಂತೆ ರೈತರಿಗೆ ವಹಿಸಿಕೊಟ್ಟಳು. ಸೋಫಿಯಾಳ ಶ್ರದ್ಧೆಯು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತು: 1912ರಲ್ಲಿ ಅವಳ ಕೋರಿಕೆಯಂತೆ ಪಾದ್ರಿಯೊಬ್ಬನು ಗುಟ್ಟಾಗಿ ಬಂದು ಆ ದಿಬ್ಬದ ಮುಂದೆ ಪ್ರಾರ್ಥನೆ ಸಲ್ಲಿಸಿದನು. ಹೂಳುವವರ ಮನಸ್ಸು ನೋಯಬಾರದೆಂದು 1895ರಲ್ಲಿ ಗಂಡನು ಬರೆದಿಟ್ಟ ಮಾತನ್ನು ನೆನೆದರೆ, ಇದರಲ್ಲಿ ದೋಷವನ್ನೆಣಿಸಲು ಯಾರಿಗೂ ಮನಸ್ಸಾಗದು. ಅವಳು 1919ರಲ್ಲಿ ತೀರಿಕೊಂಡಳು. ಅವಳ ಗೋರಿಯು ಪತಿಯ ಬಳಿಯಲ್ಲಿಲ್ಲ. ಕೊಚಾಕಿಯ ಸ್ಮಶಾನದಲ್ಲಿ, ಮಗಳು ಮಾಶಾಳ ಪಕ್ಕದಲ್ಲಿದೆ.

ಈ ಚರಿತ್ರೆಯಲ್ಲಿ ಲಿಂಗವಂತ ಗೃಹಸ್ಥನು ಗ್ರಹಿಸಬೇಕಾದುದು ಸ್ಪಷ್ಟವಾಗಿದೆ. ಒಬ್ಬರೇ ಮಹಾಪುರುಷರು, ಒಂದೇ ಮನೆ. ಸಮಾಧಿಯ ವಿಷಯವು ಬೆಳಕಿನಲ್ಲಿ ನಡೆಯಿತು. ಎಲ್ಲರೂ ಕೂಡಿ ಅದನ್ನು ನೆರವೇರಿಸಿದರು. ಸ್ವತ್ತಿನ ವಿಷಯವು ಕತ್ತಲಲ್ಲಿ ನಡೆಯಿತು. ಅದರ ಉದ್ದೇಶವು ಪರಹಿತವೇ ಆಗಿದ್ದರೂ ಗಂಡನು ಪರಸ್ಥಳದಲ್ಲಿ ಪ್ರಾಣಬಿಟ್ಟನು, ಹೆಂಡತಿ ಬಾಗಿಲ ಹೊರಗೆ ಉಳಿದಳು. ಸದುದ್ದೇಶವೊಂದೇ ಸಾಲದು, ಅದನ್ನು ನಡೆಯಿಸುವ ದಾರಿಯೂ ಸತ್ಯವಾಗಿರಬೇಕು. ನುಡಿ ಬೇರೆ ನಡೆ ಬೇರೆ ಆಗಬಾರದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದುದು ಬೀದಿಯ ವ್ಯವಹಾರಕ್ಕೆ ಮಾತ್ರವಲ್ಲ. ಸತಿಪತಿಗಳ ನಡುವಣ ವ್ಯವಹಾರಕ್ಕೂ ಅದು ಸಲ್ಲುವುದು. ಇಬ್ಬರ ಭಕ್ತಿಯೂ ಒಂದಾದರೆ ಮಾತ್ರ ಅದು ಶಿವನಿಗೆ ಹಿತವೆಂಬುದು ಅವರ ನಿಲುವು.

ಸರಳತೆಯ ಪಾಠವು ಶರಣಧರ್ಮಕ್ಕೆ ಹೊಸದಲ್ಲ. ವಿಭೂತಿ, ಬಿಲ್ವಪತ್ರೆ, ಅಂಗೈಯಲ್ಲಿ ಇಷ್ಟಲಿಂಗ, ತಾಯಿಮಣ್ಣು, ಇಷ್ಟರಿಂದಲೇ ಕ್ರಿಯಾಸಮಾಧಿಯು ಪೂರ್ಣವಾಗುವುದು. ಅರಸನಿಗೂ ಆಳಿಗೂ ಅದು ಒಂದೇ. ಹೀಗಿರಲು ಜನರ ಬಾಯಿಗೆ ಅಂಜಿ, ಸಾಲ ತಂದು, ಹೊಲವನ್ನು ಅಡವಿಟ್ಟು ದೊಡ್ಡ ಊಟ ಮಾಡಿಸುವುದು ಸತ್ತವನಿಗೆ ಸದ್ಗತಿಯಲ್ಲ, ಉಳಿದವರಿಗೆ ದುರ್ಗತಿ. ಆ ಹಣದಿಂದ ನಾಲ್ಕು ಬಡ ವಿದ್ಯಾರ್ಥಿಗಳಿಗೆ ಅನ್ನ ದೊರೆತರೆ ಅದು ದಾಸೋಹ. ಆದರೆ ಹಾಗಾಗಬೇಕೆಂದು ಬಯಸುವವನು ಬದುಕಿರುವಾಗಲೇ ಹೇಳಬೇಕು. ಹೇಳದೆ ಹೋದರೆ, ತಂದೆಗೆ ಕಡಿಮೆ ಮಾಡಿದನೆಂಬ ಅಪವಾದಕ್ಕೆ ಅಂಜಿ ಮಗನು ಸಾಲದ ಬಾವಿಗೆ ಇಳಿಯುವನು.

ಕನ್ನಡನಾಡಿನಲ್ಲಿಯೇ ಇತ್ತೀಚೆಗೆ ಇದರ ಉಜ್ವಲ ಮೇಲ್ಪಂಕ್ತಿಯನ್ನು ಜನರು ಕಂಡರು. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮೇಚ್ಛೆಯನ್ನು ಬರೆದಿಟ್ಟರು. ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಅನಾವಶ್ಯಕ, ಭಸ್ಮವನ್ನು ನದಿಯಲ್ಲಾಗಲಿ ಸಾಗರದಲ್ಲಾಗಲಿ ವಿಸರ್ಜಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂಬುದೇ ಅದರ ಆಶಯ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಭಕ್ತರು ನೆರೆದಿದ್ದರು. ರೂಢಿಗೆ ಭಿನ್ನವಾದ ಇಚ್ಛೆಯಾಗಿದ್ದರೂ ಅದು ಮೊದಲೇ ಬರೆದಿಟ್ಟ ಸ್ಪಷ್ಟವಾದ ಮಾತಾಗಿದ್ದುದರಿಂದ ಹಾಗೆಯೇ ನಡೆಯಿತು.

ಆದುದರಿಂದ ಗೃಹಸ್ಥನು ಮೈಯಲ್ಲಿ ಶಕ್ತಿಯಿರುವಾಗಲೇ, ಮನಸ್ಸು ತಿಳಿಯಾಗಿರುವಾಗಲೇ, ಒಂದು ದಿನ ಲಿಂಗಪೂಜೆ ಪ್ರಸಾದಗಳು ಮುಗಿದ ಮೇಲೆ ಮಡದಿಯನ್ನೂ ಮಕ್ಕಳನ್ನೂ ಸೊಸೆಯಂದಿರನ್ನೂ ಒಟ್ಟಿಗೆ ಕುಳ್ಳಿರಿಸಿಕೊಳ್ಳಲಿ. ಸಮಾಧಿಯು ಹೊಲದಲ್ಲೋ ರುದ್ರಭೂಮಿಯಲ್ಲೋ, ವೆಚ್ಚವೆಷ್ಟು, ದಾಸೋಹ ಯಾರಿಗೆ, ಕೊಡತಕ್ಕ ಋಣವೇನು, ಬರತಕ್ಕುದೇನು, ಹಿಂದೆ ಉಳಿಯುವ ಮಡದಿಯ ಬಾಳುವೆಗೆ ಏನು ಏರ್ಪಾಡು ಎಂಬುದನ್ನು ಎಲ್ಲರ ಮುಂದೆ ಒಂದೇ ಮಾತಿನಲ್ಲಿ ಹೇಳಲಿ. ಮಡದಿಯ ಇಚ್ಛೆಯನ್ನೂ ಕೇಳಿ ತಿಳಿಯಲಿ. ಅವಳಿಗೂ ಒಂದು ಅಂತ್ಯವಿದೆ, ಒಂದು ಅಭಿಲಾಷೆಯಿದೆ. ಮನಸ್ಸು ಮಾರ್ಪಟ್ಟರೆ ಮತ್ತೆ ಕೂಡಿಸಿ ಹೇಳಲಿ. ತನ್ನ ಇಚ್ಛೆಯಿಂದ ಯಾರ ಮನಸ್ಸಾದರೂ ನೋಯುವಂತಿದ್ದರೆ ಅಷ್ಟರಮಟ್ಟಿಗೆ ಸಡಲಿಸಲಿ. ಮೊದಲು ಕೆಲವರ ಕಣ್ಣಲ್ಲಿ ನೀರು ಬರಬಹುದು. ಆ ನೀರು ಮುಂದೆ ಹರಿಯಬೇಕಾದ ಕಹಿಯನ್ನು ತೊಳೆಯುವುದು.

ಹಸುರು ಕೋಲಿನ ಮೇಲೆ ಬರೆದಿದ್ದ ರಹಸ್ಯವು ಟಾಲ್‌ಸ್ಟಾಯರಿಗೆ ಕಾಡಿನಲ್ಲಿ ದೊರೆಯಲಿಲ್ಲ. ಅದನ್ನು ಅರಸಲು ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಒಂದು ಮನೆಯವರು ಒಬ್ಬರಿಗೊಬ್ಬರು ಮರೆಯಿಲ್ಲ­ದೆ, ಅಂಜಿಕೆಯಿಲ್ಲದೆ, ಪ್ರೀತಿಯಿಂದ ಸತ್ಯವನ್ನು ನುಡಿದರೆ ಅದರ ಮೊದಲನೆಯ ಅಕ್ಷರವು ಆ ಮನೆಯಲ್ಲಿಯೇ ಕಾಣಿಸುವುದು.

ಶಿವಾರ್ಪಣಮಸ್ತು.